ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿ

ಶರಣರ ವಚನಗಳು ಇಂದು ಮನೆಮನೆಯ ನಿತ್ಯಪಾಠವಾಗಿವೆ. ಅವು ತಾಡವೋಲೆಯಿಂದ ಅಚ್ಚಿನ ಪುಟಕ್ಕೆ ಬಂದುದರ ಹಿಂದೆ ವಿಜಯಪುರದ ಒಬ್ಬ ವಕೀಲರ ಜೀವಮಾನದ ಕಾಯಕವಿದೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಜನಿಸಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು, ತಾಯಿ ದಾನಾದೇವಿ. ಮುಂಬಯಿಯಲ್ಲಿ ಕಾನೂನು ಪದವಿ ಪಡೆದು, ವಿಜಯಪುರದಲ್ಲಿ ವಕೀಲಿ ವೃತ್ತಿ ಹಿಡಿದರು. 1910ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಯಲ್ಲಿ ಅವರದು ಪ್ರಮುಖ ಪಾತ್ರ.

ಆ ಕಾಲದಲ್ಲಿ ವಚನಗಳ ಕಟ್ಟುಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಪೂಜೆಗೊಳ್ಳುತ್ತಿದ್ದವು, ಓದುವವರು ವಿರಳ. ಪೂಜೆಯಿಂದ ಓಲೆ ಉಳಿಯುವುದಿಲ್ಲ. ಹುಳು ತಿಂದ ಅಕ್ಷರ ಮರಳಿ ಬರುವುದಿಲ್ಲ. ಇದನ್ನರಿತ ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿದರು. ಓಲೆಯ ಬರವಣಿಗೆಯಲ್ಲಿ ಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಗಳಿಲ್ಲ. ಪದ ಬಿಡಿಸಬೇಕು, ಪ್ರತಿ ಪ್ರತಿಗಳನ್ನು ಹೋಲಿಸಬೇಕು, ಅಂಕಿತದಿಂದ ಕರ್ತೃವನ್ನು ಗುರುತಿಸಬೇಕು: ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರು, ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿ. ಈ ಶ್ರಮದ ಮೊದಲ ಫಲವಾಗಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು.

ಪರರ ಮುದ್ರಣಾಲಯವನ್ನು ನೆಚ್ಚಿ ಕೂತರೆ ಕಾರ್ಯ ಸಾಗದೆಂದು ಮನಗಂಡ ಅವರು ಸ್ವಂತ ಮನೆಯನ್ನೇ ಮಾರಿ, 1925ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಹೊರಬಂದವು. ‘ಶಿವಾನುಭವ’ವನ್ನು ಮೂರು ದಶಕಗಳಿಗೂ ಮಿಗಿಲಾಗಿ ನಡೆಸಿದರು. ಶೂನ್ಯಸಂಪಾದನೆ, ಹರಿಹರನ ರಗಳೆಗಳು ಅವರ ಸಂಪಾದನೆಯಲ್ಲಿ ಬೆಳಕು ಕಂಡವು. ‘ಶಿವಶರಣರ ಚರಿತ್ರೆಗಳು’ ಗ್ರಂಥದಲ್ಲಿ ಅವರು ಶರಣರ ಜೀವನವೃತ್ತಾಂತಗಳನ್ನು ಒಂದೆಡೆ ತಂದರು. ಹೀಗೆ ಲೇಖಕ, ಸಂಪಾದಕ, ಇತಿಹಾಸಕಾರ ಎಂಬ ಮೂರು ಹೊಣೆಗಳನ್ನೂ ಒಬ್ಬರೇ ಹೊತ್ತರು.

1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಅವರಿಗೆ ಸಂದವು. ಆದರೆ ಮುದ್ರಣಕ್ಕೆ ಸುರಿದ ಹಣ ಮರಳಿ ಬರಲಿಲ್ಲ. ಬಡತನ ಕೊನೆಯವರೆಗೂ ಜೊತೆಗಿತ್ತು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಅವರ ಜನ್ಮದಿನವನ್ನು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿ ಆಚರಿಸಲಾಗುತ್ತಿದೆ. ಭಾವಚಿತ್ರಕ್ಕೆ ಹಾರ ಹಾಕಿದ ಮಾತ್ರಕ್ಕೆ ಆ ದಿನ ಸಾರ್ಥಕವಾಗದು. ಜಗಲಿಯ ಮೇಲೆ ಇನ್ನೂ ಬಿಚ್ಚದ ಓಲೆಕಟ್ಟು ಯಾರ ಮನೆಯಲ್ಲಾದರೂ ಇದ್ದರೆ, ಅದನ್ನು ಬಲ್ಲವರಿಂದ ಬಿಚ್ಚಿಸಿ ಓದಿಸುವುದೇ ಹಳಕಟ್ಟಿಯವರಿಗೆ ಸಲ್ಲಿಸುವ ನಿಜವಾದ ಶರಣಾರ್ಥಿ.