ಕಾರಿನ ಗೆರೆ ಒಂದೇ, ಹೆಸರು ಯಾರದು?



ಈ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ಹಾಸನದಲ್ಲಿ ಡಿಪ್ಲೊಮಾ ಓದ್ತಿರೋ ನನ್ನ ಚಿಕ್ಕಮ್ಮನ ಮಗ ಕಾರುಗಳನ್ನ ಬಿಡಿಸ್ತಾನೆ. ಇರೋ ಕಾರಲ್ಲ, ಇಲ್ಲದ ಕಾರು. ಹಳೇ ಕಾಂಟೆಸ್ಸಾ ಈಗ ಎಲೆಕ್ಟ್ರಿಕ್ ಆಗಿ ಬಂದ್ರೆ ಹೇಗಿರುತ್ತೆ ಅಂತ ಹದಿನೈದು ದಿನ ಕೂತು ಒಂದು ಚಿತ್ರ ಮಾಡಿ ಹಾಕಿದ್ದ. ಯಾವುದೋ ಒಂದು ಪೇಜ್‌ನವರು ಅವನ ಸಹಿ ಇದ್ದ ಮೂಲೆ ಕತ್ತರಿಸಿ, ತಮ್ಮದೇ ಅನ್ನೋ ಹಾಗೆ ಹಂಚಿಬಿಟ್ಟರು. ಅವನಿಗೆ ಬಂದ ಲೈಕು ಇನ್ನೂರು ಚಿಲ್ಲರೆ, ಅವರಿಗೆ ಬಂದಿದ್ದು ಸಾವಿರಗಟ್ಟಲೆ.

"ಅಣ್ಣಾ, ಇನ್ಮೇಲೆ ಏನೂ ಹಾಕಲ್ಲ. ಬಿಡಿಸಿ ಫೋಲ್ಡರ್‌ನಲ್ಲಿ ಇಟ್ಕೋತೀನಿ" ಅಂದ.

ನಾನು ಬಿ.ಕಾಂ ಓದಿದವನು. ಚಿತ್ರ ಬರಲ್ಲ, ಗಣಿತವೂ ಅಷ್ಟಕ್ಕಷ್ಟೆ. ಆದರೆ ಒಂದು ವಸ್ತುವನ್ನ ಬೀಗ ಹಾಕಿ ಇಟ್ಟರೆ ಲಾಭವಾ, ಬಿಟ್ಟರೆ ಲಾಭವಾ ಅನ್ನೋ ಪ್ರಶ್ನೆ ನಮ್ಮದೇ. ಅವನಿಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು ಫ್ರಾನ್ಸಿನ ಎರಡು ಕಾರು ಕಂಪನಿಗಳ ಕಥೆ. ತಮಾಷೆ ಅಂದ್ರೆ, ನನ್ನ ತಮ್ಮ ದಿನಾ ಬಳಸೋ ಪೆನ್ ಟೂಲ್ ಇದೆಯಲ್ಲ, ಅದರ ಬೇರು ಇರೋದೇ ಆ ಕಥೆಯಲ್ಲಿ.

ಮೊದಲು ಕಾನ್ಸೆಪ್ಟ್ ಕಾರು ಅಂದ್ರೇನು ನೋಡೋಣ. ಮಾರಾಟಕ್ಕೆ ಅಲ್ಲ, ಮುಂದೆ ಹೀಗೂ ಮಾಡಬಹುದು ಅಂತ ತೋರಿಸೋಕೆ ಮಾಡಿದ ಕಾರು. 1938ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಹಾರ್ಲಿ ಅರ್ಲ್ ಅನ್ನೋರು ಮಾಡಿಸಿದ ಬ್ಯೂಕ್ ವೈ-ಜಾಬ್ ಅನ್ನ ಈ ಜಾತಿಯ ಮೊದಲ ಕಾರು ಅಂತ ಸಾಮಾನ್ಯವಾಗಿ ಹೇಳ್ತಾರೆ. ಮುಚ್ಚಿಕೊಳ್ಳೋ ಹೆಡ್‌ಲೈಟು, ವಿದ್ಯುತ್ತಿನಿಂದ ಏರಿಳಿಯೋ ಕಿಟಕಿ, ನೆಲಕ್ಕೆ ಹತ್ತಿರ ಬಗ್ಗಿದ ಮೈ. ಅದನ್ನ ಅಂಗಡಿಗೆ ಬಿಡಲೇ ಇಲ್ಲ. ಅರ್ಲ್ ತಾವೇ ವರ್ಷಗಟ್ಟಲೆ ಓಡಿಸ್ಕೊಂಡು ಓಡಾಡಿದ್ರು.

ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಕಾರಿನ ಆಕಾರ ಕೈಯಿಂದ ಕೈಗೆ ಹೋಗ್ತಿತ್ತು. ಕಲಾವಿದ ಕಾಗದದ ಮೇಲೆ ಬಿಡಿಸ್ತಾನೆ. ಅದನ್ನ ನೋಡಿ ಜೇಡಿಮಣ್ಣಿನಲ್ಲಿ ಮಾದರಿ ಮಾಡ್ತಾರೆ. ಆ ಮಾದರಿಯನ್ನ ಅಳೆದು ನಕ್ಷೆಗಾರರು ಕಾರಿನಷ್ಟೇ ದೊಡ್ಡ ಹಾಳೆ ಮೇಲೆ ಗೆರೆ ಹಾಕ್ತಾರೆ. ಬಾಗಿದ ಗೆರೆಗೆ ತೆಳುವಾದ, ಬಳುಕೋ ಮರದ ಪಟ್ಟಿ ಇಟ್ಟು, ಅದು ಜಾರದ ಹಾಗೆ ಸೀಸದ ತೂಕ ಇಟ್ಟು, ಅದರ ಪಕ್ಕಕ್ಕೆ ಪೆನ್ಸಿಲ್ ಎಳೀತಾರೆ. ಅದರಿಂದ ಮರದ ಮೂಲ ಮಾದರಿ, ಆಮೇಲೆ ಉಕ್ಕಿನ ಹಾಳೆ ಒತ್ತೋ ಅಚ್ಚು. ಪ್ರತಿ ಕೈ ಬದಲಾದಾಗಲೂ ಗೆರೆ ಒಂದು ಕೂದಲೆಳೆಯಷ್ಟಾದರೂ ಜರುಗ್ತಿತ್ತು. ಕೊನೆಗೆ ಬಾಗಿಲು ಸರಿಯಾಗಿ ಕೂರದಿದ್ರೆ ತಪ್ಪು ಯಾರದು? ಕಾಗದದ್ದಾ, ಮಣ್ಣಿನದ್ದಾ, ಮರದ್ದಾ? ಎಲ್ಲರ ಹತ್ತಿರಾನೂ ಒಂದೊಂದು "ಅಸಲಿ" ಇರ್ತಿತ್ತು.

ಈಗ ಪ್ಯಾರಿಸ್‌ಗೆ ಹೋಗೋಣ. ಸಿಟ್ರೊಯೆನ್ ಕಂಪನಿ 1955ರಲ್ಲಿ ಡಿಎಸ್ ಅನ್ನೋ ಕಾರು ಬಿಟ್ಟಿತ್ತು. ಅದರ ಮೈ ರೂಪಿಸಿದ ಫ್ಲಾಮಿನಿಯೊ ಬೆರ್ತೋನಿ ಮೂಲತಃ ಶಿಲ್ಪಿ. ನೇರ ಗೆರೆ ಹುಡುಕಬೇಕು ಅನ್ನೋ ಹಾಗಿದ್ದ ಕಾರು ಅದು. ಮೂರು ವರ್ಷದ ನಂತರ, 1958ರಲ್ಲಿ, ಇಪ್ಪತ್ತೆಂಟರ ಆಸುಪಾಸಿನ ಪಾಲ್ ದ ಕ್ಯಾಸ್ಟೆಲ್‌ಜೋ ಅನ್ನೋ ಗಣಿತದ ಹುಡುಗ ಅದೇ ಕಂಪನಿಗೆ ಕೆಲಸಕ್ಕೆ ಸೇರಿದ. ಇವನ ಮುಂದಿದ್ದ ಸಮಸ್ಯೆ: ಇಂಥ ಬಾಗಿದ ಮೈಯನ್ನ ಯಂತ್ರಕ್ಕೆ ಅರ್ಥವಾಗೋ ಅಂಕಿಗಳಲ್ಲಿ ಹೇಳೋದು ಹೇಗೆ?

ಅವನು ಕಂಡುಕೊಂಡ ಉಪಾಯ ನಾನೇ ಗ್ರಾಫ್ ಹಾಳೆ ಮೇಲೆ ಮಾಡಿ ನೋಡಿದೆ. ನೀವೂ ಮಾಡಿ, ಎರಡು ನಿಮಿಷ ಸಾಕು. ಹಾಳೆಯ ಎಡಗಡೆ ಒಂದು ಚುಕ್ಕಿ ಇಡಿ. ಅಲ್ಲಿಂದ ಬಲಕ್ಕೆ 8 ಚೌಕ ದಾಟಿ ಇನ್ನೊಂದು ಚುಕ್ಕಿ. ಎರಡರ ಮಧ್ಯದಿಂದ 8 ಚೌಕ ಮೇಲೆ ಮೂರನೇ ಚುಕ್ಕಿ. ಈಗ ಎಡ ಚುಕ್ಕಿಯಿಂದ ಮೇಲಿನ ಚುಕ್ಕಿಗೆ ಒಂದು ಗೆರೆ, ಮೇಲಿನದರಿಂದ ಬಲ ಚುಕ್ಕಿಗೆ ಇನ್ನೊಂದು. ಎರಡೂ ಗೆರೆಯ ನಡುಬಿಂದು ಗುರುತು ಮಾಡಿ, ಆ ಎರಡನ್ನ ಸೇರಿಸಿ, ಅದರ ನಡುಬಿಂದು ತಗೊಳ್ಳಿ. ನೆಲದಿಂದ 4 ಚೌಕ ಮೇಲೆ ಬರುತ್ತೆ. ಅದು ನಿಮ್ಮ ಬಾಗುಗೆರೆಯ ಮೇಲಿನ ಒಂದು ಬಿಂದು. ಅರ್ಧದ ಬದಲು ಪ್ರತಿ ಸಲವೂ ಕಾಲು ಭಾಗ ತಗೊಂಡ್ರೆ ಇನ್ನೊಂದು ಬಿಂದು: ಎಡದಿಂದ 2 ಚೌಕ, ಮೇಲಕ್ಕೆ 3. ಹೀಗೇ ಬೇರೆ ಬೇರೆ ಭಾಗ ತಗೊಂಡು ಮಾಡ್ತಾ ಹೋದ್ರೆ ಕಾರಿನ ಮೇಲ್ಛಾವಣಿ ಹಾಗೆ ನಯವಾದ ಗೆರೆ ಮೂಡುತ್ತೆ.

ಮೇಲಿನ ಚುಕ್ಕಿಯನ್ನ ಗೆರೆ ಮುಟ್ಟೋದೇ ಇಲ್ಲ, ಗಮನಿಸಿ. ಚುಕ್ಕಿ ರಂಗೋಲಿ ನೆನಪಿಸ್ಕೊಳ್ಳಿ. ಅಲ್ಲೂ ಎಷ್ಟೋ ಸಲ ಎಳೆ ಚುಕ್ಕಿಯನ್ನ ಸುತ್ತಿಕೊಂಡು ಹೋಗುತ್ತೆ, ಮೇಲೆ ಹಾಯೋದಿಲ್ಲ. ಆದ್ರೆ ರಂಗೋಲಿಯಲ್ಲಿ ಬಾಗು ಎಷ್ಟಿರಬೇಕು ಅನ್ನೋದು ಅಜ್ಜಿಯ ಕೈಗೆ ಗೊತ್ತು. ಇಲ್ಲಿ ಅದನ್ನ ಚುಕ್ಕಿಯ ಜಾಗವೇ ತೀರ್ಮಾನ ಮಾಡುತ್ತೆ. ಚುಕ್ಕಿ ಎಳೆದರೆ ಗೆರೆ ಹಿಂದೇನೇ ಬರುತ್ತೆ. ಮತ್ತೆ ಇಡೀ ಗೆರೆಯನ್ನ ಕಾಪಾಡೋಕೆ ಮೂರೋ ನಾಲ್ಕೋ ಚುಕ್ಕಿಯ ಅಂಕಿ ಬರೆದಿಟ್ಟರೆ ಸಾಕು. ಯಾರ ಕೈಗೆ ಹೋದರೂ ಗೆರೆ ಜರುಗಲ್ಲ.

ಇಂಥ ವಿದ್ಯೆ ಕೈಗೆ ಸಿಕ್ಕಾಗ ಕಂಪನಿ ಏನು ಮಾಡಿತು? ಬೀಗ ಹಾಕಿತು. 1959ರಲ್ಲಿ ಇದನ್ನ ಬರೆದು ಸೋಲೋ ಲಕೋಟೆ ಅನ್ನೋ ವ್ಯವಸ್ಥೆಯಲ್ಲಿ ಜಮಾ ಮಾಡಿದ್ರು. ಫ್ರಾನ್ಸಿನಲ್ಲಿ ಇದೊಂದು ಹಳೇ ಪದ್ಧತಿ. ಲಕೋಟೆಗೆ ಎರಡು ಭಾಗ ಇರ್ತಿತ್ತು. ಒಂದು ಸರ್ಕಾರಿ ಕಚೇರಿಯಲ್ಲಿ ತಾರೀಖಿನ ಸಮೇತ ಉಳೀತಿತ್ತು, ಇನ್ನೊಂದು ಕೊಟ್ಟವರ ಹತ್ತಿರ. ಪೇಟೆಂಟ್ ಅಲ್ಲ. "ಈ ದಿನಕ್ಕೆ ಇದು ನಮ್ಮ ಹತ್ತಿರ ಇತ್ತು" ಅನ್ನೋದಕ್ಕೆ ಸಾಕ್ಷಿ, ಅಷ್ಟೆ. ವ್ಯಾಪಾರದ ದೃಷ್ಟಿಯಲ್ಲಿ ಇದು ಪೆದ್ದತನ ಅಂತ ನಾನು ಹೇಳಲ್ಲ. ಪಕ್ಕದ ಕಂಪನಿಗೆ ಗೊತ್ತಾಗದ ವಿದ್ಯೆ ಅಂದ್ರೆ ಅದೂ ಒಂದು ಆಸ್ತಿ.

ಪಕ್ಕದ ಕಂಪನಿ ಅಂದ್ರೆ ರೆನೋ. ಅಲ್ಲಿ 1933ರಿಂದ ಕೆಲಸ ಮಾಡ್ತಿದ್ದ ಎಂಜಿನಿಯರ್ ಪಿಯೇರ್ ಬೆಜಿಯೇ. ಟ್ಯುಟೋರಿಯಲ್‌ಗಳಲ್ಲಿ "ಬೆಜಿಯರ್ ಕರ್ವ್" ಅಂತ ಕೇಳಿರ್ತೀರಲ್ಲ, ಅವರೇ. 1960ರ ಹೊತ್ತಿಗೆ ಅವರಿಗೆ ಐವತ್ತು ವರ್ಷ. ಅವರೂ ಅದೇ ತಲೆನೋವು ಹಿಡಿದು ಕೂತರು, ಬೇರೆ ದಾರಿಯಲ್ಲಿ ಹೋಗಿ ಅದೇ ಗೆರೆಗೆ ಬಂದು ಮುಟ್ಟಿದರು. ಇವರು ಅವರದ್ದನ್ನ ಕದೀಲಿಲ್ಲ, ಅವರು ಇವರದ್ದನ್ನ ಕದೀಲಿಲ್ಲ.

ವ್ಯತ್ಯಾಸ ಇರೋದು ಎರಡು ಕಡೆ. ಒಂದು, ಸಿಟ್ರೊಯೆನ್‌ನ ವ್ಯವಸ್ಥೆ ಇದ್ದದ್ದು ಮುಖ್ಯವಾಗಿ ಆಗಲೇ ಮಾಡಿದ ಆಕಾರವನ್ನ ಅಂಕಿಗೆ ಇಳಿಸೋಕೆ. ಬೆಜಿಯೇಗೆ ಬೇಕಿದ್ದದ್ದು, ಗಣಿತ ಬಾರದ ನಕ್ಷೆಗಾರ ಕೂತು ಹೊಸ ಆಕಾರ ಬಿಡಿಸೋ ಸಾಧನ. ಎರಡು, ಅವರು 1960ರ ದಶಕದ ಮಧ್ಯದಿಂದಲೇ ತಮ್ಮ ವಿಧಾನದ ಬಗ್ಗೆ ಪತ್ರಿಕೆಗಳಲ್ಲಿ ಬರೆದರು. ಯುನಿಸರ್ಫ್ ಅನ್ನೋ ಅವರ ವ್ಯವಸ್ಥೆ 1968ರಲ್ಲಿ ರೆನೋದಲ್ಲಿ ಬಳಕೆಗೆ ಬಂತು. ಬೇರೆ ದೇಶದ ಗಣಿತಜ್ಞರು ಓದಿದ್ರು, ತಿದ್ದಿದ್ರು, ಸರಳ ಮಾಡಿದ್ರು. ಓದಿದವರೆಲ್ಲ ಆ ಗೆರೆಯನ್ನ ಬೆಜಿಯೇ ಹೆಸರಲ್ಲೇ ಕರೆದರು. ಬೇರೆ ಹೆಸರು ಅವರಿಗೆ ಗೊತ್ತಿರಲೂ ಇಲ್ಲ.

ಕ್ಯಾಸ್ಟೆಲ್‌ಜೋ ಅವರ ವರದಿಗಳು ಹೊರಗಿನವರ ಕಣ್ಣಿಗೆ ಬಿದ್ದಿದ್ದು 1970ರ ದಶಕದಲ್ಲಿ. ಜರ್ಮನಿಯ ಗಣಿತಜ್ಞ ವೋಲ್ಫ್‌ಗಾಂಗ್ ಬೋಮ್ ಅವುಗಳನ್ನ ಬೆಳಕಿಗೆ ತಂದರು. ಅಷ್ಟರಲ್ಲಿ ಗೆರೆಗೆ ನಾಮಕರಣ ಆಗಿಹೋಗಿತ್ತು. ನಾವು ಈಗ ಹಾಳೆ ಮೇಲೆ ಮಾಡಿದ ಆ ಅರ್ಧ ಅರ್ಧದ ಲೆಕ್ಕಕ್ಕೆ ಮಾತ್ರ "ಕ್ಯಾಸ್ಟೆಲ್‌ಜೋ ವಿಧಾನ" ಅನ್ನೋ ಹೆಸರು ಉಳೀತು. ಬೆಜಿಯೇ ದೊಡ್ಡ ಮನುಷ್ಯ. ಫ್ರಾನ್ಸಿನಲ್ಲಿ ಈ ಕೆಲಸಕ್ಕೆ ಮೊದಲು ಕೈ ಹಾಕಿದ್ದು ಸಿಟ್ರೊಯೆನ್, ಕ್ಯಾಸ್ಟೆಲ್‌ಜೋ ಬಹಳ ಪ್ರತಿಭಾವಂತ ಅಂತ ಅವರೇ ಮುಂದೆ ಬರೆದಿದ್ದಾರೆ.

ಗೆರೆ ಮಾತ್ರ ಕಾರ್ಖಾನೆಯಲ್ಲೇ ಉಳೀಲಿಲ್ಲ. 1984ರಲ್ಲಿ ಅಡೋಬಿ ಕಂಪನಿ ಪ್ರಿಂಟರ್‌ಗಳಿಗಾಗಿ ಪೋಸ್ಟ್‌ಸ್ಕ್ರಿಪ್ಟ್ ಅನ್ನೋ ಭಾಷೆ ತಂದಾಗ ಅದರೊಳಗೆ ಬಾಗೋದಕ್ಕೆ ಇದೇ ಗೆರೆ. 1987ರ ಇಲಸ್ಟ್ರೇಟರ್‌ನಲ್ಲಿ ಪೆನ್ ಟೂಲ್ ಆಗಿ ಕಲಾವಿದರ ಕೈಗೆ ಬಂತು. ಅಕ್ಷರಗಳಿಗೂ ಬಂತು. ಈ ಬರಹವನ್ನ ಫೋನಿನಲ್ಲಿ ಓದ್ತಿದ್ದೀರಾ? "ಠ" ಅನ್ನೋ ಅಕ್ಷರ ನೋಡಿ. ಆ ದುಂಡು, "ಕ"ದ ತಲೆಕಟ್ಟಿನ ಬಾಗು, ಎಲ್ಲಾ ಈ ಜಾತಿಯ ಗೆರೆಗಳೇ. ಎಷ್ಟು ಜೂಮ್ ಮಾಡಿದ್ರೂ ಒಡೆಯಲ್ಲ, ಯಾಕಂದ್ರೆ ಫೋನು ಪ್ರತಿ ಸಲ ಚುಕ್ಕಿಗಳಿಂದ ಮತ್ತೆ ಲೆಕ್ಕ ಹಾಕಿ ಬಿಡಿಸುತ್ತೆ. ಕಾರಿನ ಬಾನೆಟ್ಟಿಗೆ ಅಂತ ಹುಟ್ಟಿದ ಲೆಕ್ಕದಲ್ಲಿ ಇವತ್ತು ಕನ್ನಡ ಮೂಡ್ತಾ ಇದೆ.

ನನ್ನ ತಮ್ಮ ಕಾಂಟೆಸ್ಸಾ ಬಿಡಿಸಿದ್ದೂ ಹೀಗೇ. ಮೊದಲು ಎರಡು ಚಕ್ರದ ವೃತ್ತ. ಅವುಗಳ ಮಧ್ಯೆ ಸುಮಾರು ಮೂರು ಚಕ್ರ ಹಿಡಿಯೋಷ್ಟು ಜಾಗ. ಆಮೇಲೆ ಮುಂದಿನಿಂದ ಹಿಂದಿನವರೆಗೆ ಮೇಲ್ಛಾವಣಿಯ ಒಂದೇ ಉದ್ದ ಗೆರೆ. ಅದರ ಹಿಡಿಕೆಗಳನ್ನ ಎಳೀತಾ, ಬಿಡ್ತಾ ಅವನಿಗೆ ಮೂರು ರಾತ್ರಿ ಹೋಗಿತ್ತಂತೆ. ಅವನು ಎಳೀತಿದ್ದ ಆ ಹಿಡಿಕೆಯ ತುದಿಯೇ ನಮ್ಮ ಹಾಳೆಯ ಮೇಲಿನ, ಗೆರೆ ಮುಟ್ಟದ ಚುಕ್ಕಿ.

ಹಾಗಾದ್ರೆ ಅವನಿಗೆ ನಾನೇನು ಹೇಳಿದೆ? "ಹಾಕು, ಕದ್ದರೆ ಕದೀಲಿ ಬಿಡು" ಅಂತ ಹೇಳೋಕೆ ಮನಸ್ಸು ಬರಲಿಲ್ಲ. ಬೆಜಿಯೇಗೆ ಸಂಬಳ ಇತ್ತು, ಹಿಂದೆ ಕಂಪನಿ ಇತ್ತು. ಹಾಸನದ ಬಾಡಿಗೆ ರೂಮಿನ ಹುಡುಗನಿಗೆ ಏನಿದೆ? ಆದ್ರೆ ಬೀಗದ ಕಥೆಯನ್ನೂ ಹೇಳಿದೆ. ಲಕೋಟೆ ತಾರೀಖನ್ನ ಕಾಪಾಡಿತು, ಹೆಸರನ್ನ ಕಾಪಾಡಲಿಲ್ಲ. 2012ರಲ್ಲಿ, ಎಂಬತ್ತು ದಾಟಿದ ಮೇಲೆ, ಕ್ಯಾಸ್ಟೆಲ್‌ಜೋ ಅವರಿಗೆ ಈ ಕ್ಷೇತ್ರದ ಒಂದು ದೊಡ್ಡ ಗೌರವ ಸಿಕ್ತು. ಆ ಪ್ರಶಸ್ತಿಯ ಹೆಸರು ಬೆಜಿಯೇ ಪ್ರಶಸ್ತಿ. 2022ರಲ್ಲಿ ಅವರು ತೀರಿಕೊಂಡರು.

ಇಷ್ಟು ಕೇಳಿ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಒಂದು ಪಟ್ಟಿ ಮಾಡಿದ. ಲೇಯರ್ ಇರೋ ಮೂಲ ಫೈಲು ಯಾರಿಗೂ ಕೊಡಲ್ಲ. ಕರಡು ಗೆರೆಯಿಂದ ಕೊನೆಯ ಬಣ್ಣದವರೆಗೆ ಬಿಡಿಸೋದನ್ನ ರೆಕಾರ್ಡ್ ಮಾಡ್ತೀನಿ, ತಾರೀಖು ಸಮೇತ. ಸಹಿ ಮೂಲೆಯಲ್ಲಲ್ಲ, ಕಾರಿನ ನಂಬರ್ ಪ್ಲೇಟ್ ಮೇಲೇ. ಕತ್ತರಿಸಿದ್ರೆ ಕಾರೂ ಅರ್ಧ ಹೋಗಬೇಕು. ಅಂದ್ರೆ ಲಕೋಟೆಯೂ ಇರಲಿ, ಪ್ರಕಟಣೆಯೂ ಇರಲಿ. ಬಿ.ಕಾಂ ಓದಿದ ನನಗೆ ಇದು ಹೊಳೆದಿರಲಿಲ್ಲ.

ಹೋದ ಭಾನುವಾರ ಹೊಸ ಚಿತ್ರ ಹಾಕಿದ್ದಾನೆ. ಈ ಸಲ ಪ್ರೀಮಿಯರ್ ಪದ್ಮಿನಿ. ನಂಬರ್ ಪ್ಲೇಟ್ ಮೇಲೆ ಕೆಎ 13, ಪಕ್ಕದಲ್ಲಿ ಕನ್ನಡದಲ್ಲೇ ಅವನ ಹೆಸರು.

ನಿಮ್ಮ ಫೋಲ್ಡರ್‌ನಲ್ಲೂ ಯಾರೂ ನೋಡದ ಕಾರು, ಮನೆ, ಅಕ್ಷರ ಏನಾದ್ರೂ ಇದ್ಯಾ? ಹೊರಗೆ ತರೋದು ಬಿಡೋದು ನಿಮ್ಮಿಷ್ಟ. ತಾರೀಖು ಮಾತ್ರ ಇವತ್ತೇ ಹಾಕಿಡಿ.