ಅಂಗಡಿಯೇ ಮನೆಗೆ ಬಂದ ಕಾಲ

1990ರ ದಶಕದ ನಡುಭಾಗ. ಶಿವಾಜಿನಗರದ ಓಣಿಗಳಲ್ಲಿ ಕೇಬಲ್ ತಂತಿ ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ಜಿಗಿಯುತ್ತಿದ್ದ ದಿನಗಳು. ಮಧ್ಯಾಹ್ನದ ಊಟ ಮುಗಿದು ಗಂಡಸರು ಅಂಗಡಿಗೆ ಮರಳಿದ ಮೇಲೆ ಮನೆಯ ಹೆಂಗಸರು ಟಿ.ವಿ. ಮುಂದೆ ಕೂರುತ್ತಿದ್ದರು. ತೆರೆಯ ಮೇಲೆ ಒಬ್ಬ ಬಿಳಿಯ ಬಾಣಸಿಗ ಬರುತ್ತಿದ್ದ. ಅವನ ಕೈಯ ಚಾಕು ಮೊದಲು ಶೂವಿನ ಅಟ್ಟೆಯನ್ನು ಕತ್ತರಿಸುತ್ತಿತ್ತು, ಆಮೇಲೆ ಅದೇ ಚಾಕು ಟೊಮೇಟೊವನ್ನು ಕಾಗದದಷ್ಟು ತೆಳ್ಳಗೆ ಹೆಚ್ಚುತ್ತಿತ್ತು. ತುಟಿ ಇಂಗ್ಲಿಷಿನಲ್ಲಿ ಆಡಿದರೆ ದನಿ ಹಿಂದಿಯಲ್ಲಿ ಕೇಳುತ್ತಿತ್ತು. "ಚಪ್ಪಲಿ ಕೊಯ್ದ ಚಾಕುವಿನಲ್ಲಿ ತರಕಾರಿ ಯಾರು ಹೆಚ್ಚುತ್ತಾರೆ?" ಎಂದು ನಮ್ಮ ದಾದಿ ಮುಖ ಸಿಂಡರಿಸುತ್ತಿದ್ದರು. ಆದರೆ ಕಾರ್ಯಕ್ರಮ ಮುಗಿಯುವವರೆಗೆ ಎದ್ದು ಹೋಗುತ್ತಿರಲಿಲ್ಲ.

ಅಂಗಡಿ ಮನೆಗೆ ಬರುವುದು ದಾದಿಗೆ ಹೊಸದೇನಾಗಿರಲಿಲ್ಲ. ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದಿಂದ ಸೈನ್ಯವನ್ನು ತಂದು ಹಲಸೂರಿನ ಪಕ್ಕದಲ್ಲಿ ನೆಲೆಗೊಳಿಸಿದಾಗ ಹುಟ್ಟಿದ ಊರು ನಮ್ಮ ದಂಡು. ದಂಡಿನ ಹಿಂದೆಯೇ ವ್ಯಾಪಾರಿಗಳೂ ಬಂದರು. ದೊರೆಸಾನಿಯರ ಬಂಗಲೆಗಳಿಗೆ ಪೆಟ್ಟಿಗೆ ಹೊತ್ತು ಹೋಗುವವರಿದ್ದರು. ನಮ್ಮ ಮನೆಗಳಿಗೆ ಬಟ್ಟೆ ಗಂಟಿನವರು, ಬಳೆಗಾರರು, ಅತ್ತರು-ಸುರುಮ ಮಾರುವವರು ಬರುತ್ತಿದ್ದರು. ರಸೆಲ್ ಮಾರ್ಕೆಟ್ ಕಟ್ಟಿದ್ದು 1927ರಲ್ಲಿ. ಹಾಜಿ ಸರ್ ಇಸ್ಮಾಯಿಲ್ ಸೇಠರು ಅದನ್ನು ಉದ್ಘಾಟಿಸಿದ್ದು 1933ರಲ್ಲಿ. ಆದರೆ ಮಾರುಕಟ್ಟೆ ಕೂಗಳತೆಯಲ್ಲಿದ್ದರೂ ಅಲ್ಲಿಗೆ ಕಾಲಿಡದ ಹೆಂಗಸರು ನಮ್ಮಲ್ಲಿ ಬಹಳ ಮಂದಿ ಇದ್ದರು. ಪರದೆ ಪಾಲಿಸುವ ಹೆಂಗಸರಿಗೆಂದೇ ಸೇಠರ ದೇಣಿಗೆಯಿಂದ ಇಲ್ಲಿ ಒಂದು ಗೋಷಾ ಆಸ್ಪತ್ರೆ ಎದ್ದಿತೆಂದರೆ ಅಂಥವರ ಸಂಖ್ಯೆ ಎಷ್ಟಿತ್ತೆಂಬುದನ್ನು ಊಹಿಸಬಹುದು. ಅವರ ಮಾರುಕಟ್ಟೆ ಮನೆಯ ಜಗಲಿಯ ಮೇಲೆ ಬಿಚ್ಚಿಕೊಳ್ಳುವ ಗಂಟಿನಲ್ಲಿತ್ತು.

ಗಂಟಿನವನು ಜಗಲಿಯಲ್ಲಿ ಕೂತು ಥಾನುಗಳನ್ನು ಹರಡುತ್ತಿದ್ದ. ಪರದೆಯ ಹಿಂದಿನಿಂದ ಒಂದು ಕೈ ಬಂದು ಬಟ್ಟೆಯನ್ನು ಹಿಂಡಿ, ಉಜ್ಜಿ, ಬೆಳಕಿಗೆ ಹಿಡಿದು ನೋಡುತ್ತಿತ್ತು. ಅವನು ಒಂದು ಬೆಲೆ ಹೇಳಿದರೆ ಒಳಗಿನಿಂದ ಅದರ ಅರ್ಧ ಬೆಲೆ ಬರುತ್ತಿತ್ತು. ಎಷ್ಟೋ ಸಲ ಹಣವನ್ನು ಕಂತಿನಲ್ಲಿ ಕೊಡುತ್ತಿದ್ದರು. ಒಗೆದಾಗ ಬಣ್ಣ ಬಿಟ್ಟರೆ ಮುಂದಿನ ವಾರ ಅವನು ಅದೇ ಜಗಲಿಗೆ ಬರಲೇಬೇಕಿತ್ತು, ಬೈಗುಳ ಕೇಳಲೇಬೇಕಿತ್ತು. ಆ ಕಾಲ ಪರದೆಯೊಳಗಿನ ಹೆಂಗಸರಿಗೆ ಸುಖದ ಕಾಲವಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಕೊಳ್ಳುವವಳ ಮಾತು ಮಾರುವವನ ಕಿವಿಗೆ ಬೀಳುತ್ತಿತ್ತು. ಟಿ.ವಿ. ಅಂಗಡಿಯ ಕಥೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಆ ಕಥೆ ಶುರುವಾದದ್ದು ಅಮೆರಿಕದ ಫ್ಲಾರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ, ಅದೂ ರೇಡಿಯೊದಲ್ಲಿ. 1977ರಲ್ಲಿ ಅಲ್ಲಿನ ಒಂದು ಸಣ್ಣ ರೇಡಿಯೊ ಕೇಂದ್ರಕ್ಕೆ ಜಾಹೀರಾತುದಾರನೊಬ್ಬ ಹಣ ಬಾಕಿ ಉಳಿಸಿಕೊಂಡಿದ್ದ. ಕೈಯಲ್ಲಿ ಕಾಸಿಲ್ಲದೆ, ಡಬ್ಬಿಯ ಮುಚ್ಚಳ ತೆರೆಯುವ 112 ವಿದ್ಯುತ್ ಯಂತ್ರಗಳನ್ನು ತಂದು ಒಪ್ಪಿಸಿದ. ಕೇಂದ್ರದ ಮಾಲೀಕ ಲೋವೆಲ್ ಪ್ಯಾಕ್ಸನ್ ತನ್ನ ನಿರೂಪಕ ಬಾಬ್ ಸರ್ಕೋಸ್ಟಾಗೆ, "ಇವನ್ನು ಕಾರ್ಯಕ್ರಮದಲ್ಲೇ ಮಾರು" ಎಂದ. ಒಂದಕ್ಕೆ ಹತ್ತು ಡಾಲರಿಗೆ ಐದು ಸೆಂಟು ಕಡಿಮೆ. ಎಲ್ಲವೂ ಖರ್ಚಾದವು. 1982ರಲ್ಲಿ ಪ್ಯಾಕ್ಸನ್ ಮತ್ತು ಅವನ ಜೊತೆಗಾರ ರಾಯ್ ಸ್ಪಿಯರ್ ಅದೇ ಪ್ರದೇಶದ ಕೇಬಲ್ಲಿನಲ್ಲಿ ಹೋಂ ಶಾಪಿಂಗ್ ಕ್ಲಬ್ ಶುರುಮಾಡಿದರು. 1985ರಲ್ಲಿ ಅದು ಹೋಂ ಶಾಪಿಂಗ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ ದೇಶವಿಡೀ ಹರಡಿತು. ಮರುವರ್ಷ ಜೋಸೆಫ್ ಸೀಗಲ್ ಕ್ಯೂವಿಸಿ ಎಂಬ ಪ್ರತಿಸ್ಪರ್ಧಿಯನ್ನು ಕಟ್ಟಿದ. ವಸೂಲಾಗದ ಸಾಲದಿಂದ ಹುಟ್ಟಿದ ಉದ್ಯಮವಿದು! 1995ರಲ್ಲಿ ದಕ್ಷಿಣ ಕೊರಿಯಾ ಈ ವಿದ್ಯೆಯನ್ನು ಕಲಿತಿತು, ಬೇಗನೆ ಅದರಲ್ಲಿ ಪಳಗಿತು. ನಮ್ಮ ದೇಶಕ್ಕೆ ಆಮೇಲೆ ಬಂದ ಬಂಡವಾಳದಲ್ಲಿ ಕೊರಿಯಾದ ಪಾಲು ದೊಡ್ಡದು.

ನಮ್ಮಲ್ಲಿ ಮೊದಲು ಬಂದದ್ದು ಚಾನೆಲ್ ಅಲ್ಲ, ಚಾನೆಲ್ಲಿನ ಖಾಲಿ ಹೊತ್ತು. 1992ರಲ್ಲಿ ಝೀ ಟಿ.ವಿ., 1994ರಲ್ಲಿ ಕನ್ನಡದ ಉದಯ ಟಿ.ವಿ. ಬಂದವು. ಮಧ್ಯಾಹ್ನ ಮತ್ತು ನಡುರಾತ್ರಿಯ ಹೊತ್ತನ್ನು ತುಂಬಲು ಕಾರ್ಯಕ್ರಮಗಳಿಲ್ಲದ ಚಾನೆಲ್ಲುಗಳು ಆ ಹೊತ್ತನ್ನೇ ಮಾರಿಕೊಂಡವು. ಟೆಲಿಬ್ರಾಂಡ್ಸ್, ಏಷ್ಯನ್ ಸ್ಕೈ ಶಾಪ್ ಮುಂತಾದ ಹೆಸರುಗಳು ಓದುಗರಿಗೆ ನೆನಪಿರಬಹುದು. ಹೊಟ್ಟೆ ಕರಗಿಸುವ ಪಟ್ಟಿ, ಕಾರಿನ ಪಾಲಿಶ್, ತನ್ನಷ್ಟಕ್ಕೆ ರೊಟ್ಟಿ ಒತ್ತುವ ಯಂತ್ರ - ಇವೆಲ್ಲ ಅರ್ಧರ್ಧ ಗಂಟೆ ಓಡುತ್ತಿದ್ದವು.

ಕೊಳ್ಳಬೇಕೆಂದರೆ ಫೋನು ಬೇಕು. ದೇಶದ ಟೆಲಿಫೋನುಗಳನ್ನು ತಯಾರಿಸಲು 1948ರಲ್ಲೇ ಐ.ಟಿ.ಐ. ಕಾರ್ಖಾನೆ ನಮ್ಮ ಕೆ.ಆರ್. ಪುರಂ ಪಕ್ಕದಲ್ಲಿ ಆರಂಭವಾಗಿ, ಆ ಜಾಗಕ್ಕೆ ದೂರವಾಣಿನಗರವೆಂಬ ಚೆಂದದ ಹೆಸರೂ ಬಂದಿತ್ತು. ಆದರೆ ಫೋನು ತಯಾರಾಗುವ ಊರಿನಲ್ಲೂ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಮಗನನ್ನೋ ತಮ್ಮನನ್ನೋ ಚೀಟಿ ಕೊಟ್ಟು ಎಸ್.ಟಿ.ಡಿ. ಬೂತಿಗೆ ಕಳಿಸುತ್ತಿದ್ದರು. ಅಂಚೆ ಇಲಾಖೆ 1877ರಿಂದ ನಡೆಸಿಕೊಂಡು ಬಂದಿದ್ದ ವಿ.ಪಿ.ಪಿ. ಇಲ್ಲಿ ಮತ್ತೆ ಕೆಲಸಕ್ಕೆ ಬಂತು. ಅದರ ನಿಯಮವನ್ನು ಗಮನಿಸಬೇಕು: ಮೊದಲು ಹಣ, ಆಮೇಲೆ ಪೊಟ್ಟಣ. ಪೊಟ್ಟಣ ಬಿಚ್ಚುವ ಹೊತ್ತಿಗೆ ಅಂಚೆಯವನು ಓಣಿ ದಾಟಿರುತ್ತಿದ್ದ.

ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಖಾಲಾ ಇದ್ದರು. ಗಂಡ ತೀರಿದ್ದರು. ಸೀರೆಗೆ ಫಾಲ್ ಹೊಲಿದು, ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಂದ ಬರುವ ಕೈಕೆಲಸ ಮಾಡಿ ಮನೆ ನಡೆಸುತ್ತಿದ್ದರು. ಟಿ.ವಿ.ಯಲ್ಲಿ ಅಂಗೈಯಗಲದ ಹೊಲಿಗೆ ಯಂತ್ರ ನೋಡಿದರು. ಸ್ಟೇಪ್ಲರಿನಂತೆ ಒತ್ತಿದರೆ ಸರಸರನೆ ಹೊಲಿಗೆ ಬೀಳುತ್ತಿತ್ತು. ಈದ್ ಹತ್ತಿರವಿತ್ತು, ಕೆಲಸ ಜಾಸ್ತಿಯಿತ್ತು. ಕೂಡಿಟ್ಟ ಹಣ ತೆಗೆದು ತರಿಸಿದರು. ಮೂರನೆಯ ದಿನ ದಾರ ಸಿಕ್ಕಿಕೊಂಡಿತು, ನಾಲ್ಕನೆಯ ದಿನ ಯಂತ್ರ ನಿಂತಿತು. ‘ಹಣ ವಾಪಸ್’ ಎಂದು ತೆರೆಯ ಮೇಲೆ ಹೊಳೆದಿದ್ದ ಸಂಖ್ಯೆಗೆ ನಾವೇ ಬೂತಿನಿಂದ ಏಳೆಂಟು ಸಲ ಫೋನು ಮಾಡಿದೆವು. ಒಮ್ಮೆ ಎಂಗೇಜ್, ಒಮ್ಮೆ ಸಂಗೀತ. ಕೊನೆಗೊಮ್ಮೆ ಸಿಕ್ಕ ಹುಡುಗಿ, ಯಂತ್ರವನ್ನು ನಿಮ್ಮ ಖರ್ಚಿನಲ್ಲಿ ಮುಂಬೈಗೆ ಕಳಿಸಿ ಎಂದಳು. ಬೂತಿನ ಬಿಲ್ಲೂ ನಷ್ಟದ ಲೆಕ್ಕಕ್ಕೆ ಸೇರಿತು. 1986ರ ಗ್ರಾಹಕ ರಕ್ಷಣಾ ಕಾಯ್ದೆ ಆಗಲೇ ಇತ್ತು. ಆದರೆ ಒಂದು ಹೊಲಿಗೆ ಯಂತ್ರಕ್ಕಾಗಿ ಗ್ರಾಹಕ ವೇದಿಕೆಯ ಮೆಟ್ಟಿಲು ಹತ್ತಬಹುದೆಂದು ಖಾಲಾಗೆ ಹೇಳುವವರು ಯಾರು? ನಮಗೂ ತಿಳಿದಿರಲಿಲ್ಲ. ಜಗಲಿಯ ಮೇಲೆ ಗಂಟಿನವನನ್ನು ಗದರಿಸುತ್ತಿದ್ದ ಅದೇ ಖಾಲಾ ಆ ಸಲ ಸುಮ್ಮನಾದರು.

ಹನಫಿ ಫಿಕ್ಹ್‌ನಲ್ಲಿ ‘ಖಿಯಾರೆ ರೂಯತ್’ ಎಂಬುದೊಂದಿದೆ. ಕಣ್ಣಿಂದ ನೋಡದೆ ಕೊಂಡ ವಸ್ತುವನ್ನು, ನೋಡಿದ ಮೇಲೆ ಬೇಡವೆನ್ನುವ ಹಕ್ಕು ಅದು. ಮದ್ರಸಾದಲ್ಲಿ ಶತಮಾನಗಳಿಂದ ಪಾಠವಾಗುತ್ತಿರುವ ಆ ಹಕ್ಕನ್ನು ಟಿ.ವಿ. ಅಂಗಡಿ ತನ್ನದೇ ಹೊಸ ಔದಾರ್ಯವೆಂಬಂತೆ ದೊಡ್ಡ ಅಕ್ಷರಗಳಲ್ಲಿ ಬರೆದು, ಸಣ್ಣ ಅಕ್ಷರಗಳಲ್ಲಿ ಅಳಿಸಿಬಿಡುತ್ತಿತ್ತು.

ದಿನವಿಡೀ ಅಂಗಡಿಯೇ ಆಗಿರುವ ಚಾನೆಲ್ ಬಂದದ್ದು 2008ರಲ್ಲಿ. ನೆಟ್‌ವರ್ಕ್18 ಸಮೂಹ ಆ ಏಪ್ರಿಲಿನಲ್ಲಿ, ದೇಶದ ಮೊದಲ 24 ಗಂಟೆಗಳ ಮಾರಾಟದ ಚಾನೆಲ್ ಎಂದು ಹೇಳಿಕೊಂಡು ಹೋಂಶಾಪ್18 ಆರಂಭಿಸಿತು. ಕೊರಿಯಾದ ಜಿ.ಎಸ್. ಸಂಸ್ಥೆ ಅದರಲ್ಲಿ ಹಣ ಹೂಡಿತು. ಮರುವರ್ಷ ಕೊರಿಯಾದ ಇನ್ನೊಂದು ಸಂಸ್ಥೆ ಸಿ.ಜೆ., ಸ್ಟಾರ್ ಜೊತೆಗೂಡಿ ಸ್ಟಾರ್ ಸಿ.ಜೆ. ತಂದಿತು. ನಾಪ್ತೋಲ್ ಕೂಡ 2008ರದ್ದೇ. ಅದು ಅಂತರ್ಜಾಲದಲ್ಲಿ ಬೆಲೆ ಹೋಲಿಸುವ ತಾಣವಾಗಿ ಹುಟ್ಟಿ ಟಿ.ವಿ.ಗೆ ಬಂದದ್ದು. ಉರ್ದು ಬಲ್ಲವರು ಆ ಹೆಸರಿಗೆ ನಕ್ಕಿರಬೇಕು. ನಾಪ್-ತೋಲ್ ಎಂದರೆ ಅಳತೆ ಮತ್ತು ತೂಕ, ಟಿ.ವಿ.ಯಲ್ಲಿ ಗಿರಾಕಿ ಮಾಡಲಾಗದ ಎರಡು ಕೆಲಸಗಳು ಅವೇ.

ಈ ಚಾನೆಲ್ಲುಗಳ ಒಳಗಿನ ಲೆಕ್ಕ ಸ್ವಾರಸ್ಯವಾಗಿದೆ. ಮಾಮೂಲಿ ಚಾನೆಲ್ ಜಾಹೀರಾತಿನಿಂದ ಬದುಕುತ್ತದೆ, ಇದು ಸರಕಿನ ಲಾಭದಿಂದ ಬದುಕಬೇಕು. ಕೇಬಲ್ ಮತ್ತು ಡಿ.ಟಿ.ಎಚ್. ಕಂಪೆನಿಗಳಿಗೆ ಜಾಗದ ಬಾಡಿಗೆ ಕಟ್ಟಬೇಕು. ಹಾಗಾಗಿ ಪ್ರತಿ ನಿಮಿಷಕ್ಕೂ ಎಷ್ಟು ಕರೆ ಬಂತೆಂದು ಎಣಿಸುತ್ತಾರೆ. ಕರೆ ಕುಸಿದರೆ ಮಿಕ್ಸರನ್ನು ಬದಿಗಿಟ್ಟು ಬೆಡ್‌ಶೀಟನ್ನು ಎತ್ತಿಕೊಳ್ಳುತ್ತಾರೆ. ಮೂಲೆಯಲ್ಲಿ ಕೆಳಗಿಳಿಯುವ ಗಡಿಯಾರ, ಗೀಟೆಳೆದ ಹಳೆಯ ಬೆಲೆ, ‘ಇನ್ನು ಕೆಲವೇ ಉಳಿದಿವೆ’ ಎಂಬ ಕೂಗು - ಇವೆಲ್ಲ ನೋಡುವವಳು ಎದ್ದುಹೋಗಿ ಪಕ್ಕದ ಮನೆಯವಳನ್ನು ಒಂದು ಮಾತು ಕೇಳದಿರಲೆಂದು ಮಾಡಿದ ಉಪಾಯಗಳು. ರಸೆಲ್ ಮಾರ್ಕೆಟಿನ ಮೀನಿನವನೂ ಕೂಗುತ್ತಾನೆ, ನಿಜ. ಆದರೆ ಅವನ ಎದುರೇ ನಿಂತು ಕಿವಿರು ಎತ್ತಿ ನೋಡಬಹುದು.

ಬೆಂಗಳೂರಿನಲ್ಲಿ 2013ರ ಮಾರ್ಚ್ ಅಂತ್ಯಕ್ಕೆ ಕೇಬಲ್ ಡಿಜಿಟಲ್ ಆಗಬೇಕೆಂಬ ಗಡುವು ಬಂದು ಮನೆಮನೆಗೂ ಸೆಟ್‌ಟಾಪ್ ಪೆಟ್ಟಿಗೆ ಬಂತು. ನೂರಾರು ಚಾನೆಲ್ಲುಗಳಿಗೆ ಜಾಗವಾಯಿತು, ಮಾರಾಟದ ಚಾನೆಲ್ಲುಗಳು ಕನ್ನಡದಲ್ಲೂ ಮಾತಾಡತೊಡಗಿದವು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ವ್ಯಾಪಾರಿಗಳು ಮೆಟ್ರೊ ಮಾರ್ಗದಿಂದ ತಮ್ಮ ಅಂಗಡಿಗಳು ಹಾಳಾಗುತ್ತವೆಂದು ಬೀದಿಗಿಳಿದಿದ್ದರು. ಮೆಟ್ರೊ 2011ರ ಅಕ್ಟೋಬರಿನಲ್ಲಿ ಓಡಿತು, ರಸ್ತೆಯಲ್ಲಿ ಮತ್ತೆ ಅಂಗಡಿಗಳು ತುಂಬಿಕೊಂಡವು. ಅವರು ನಿಜವಾಗಿ ಹೆದರಬೇಕಿದ್ದದ್ದು ತಮ್ಮದೇ ಮನೆಯ ಹಜಾರದಲ್ಲಿದ್ದ ಪೆಟ್ಟಿಗೆಗೆ, ಆಮೇಲೆ ಜೇಬಿನಲ್ಲಿದ್ದ ಫೋನಿಗೆ.

ಮಾರಾಟವಾದ ಸರಕುಗಳಲ್ಲಿ ನಮಗೆ ಅತ್ಯಂತ ಕಸಿವಿಸಿ ತಂದದ್ದು ದೇವರ ಹೆಸರಿನ ಸರಕು. ಒಂದು ಹೊತ್ತಿನಲ್ಲಿ ಹನುಮಾನ್ ಚಾಲೀಸಾ ಯಂತ್ರ, ಇನ್ನೊಂದು ಹೊತ್ತಿನಲ್ಲಿ ನಮ್ಮವರಿಗಾಗಿ ಬರ್ಕತ್ ಲಾಕೆಟ್. ಯಂತ್ರ ಕೊಂಡವರ ಮೌಢ್ಯಕ್ಕೆ ನಕ್ಕವರೇ ಲಾಕೆಟ್ ತರಿಸಿಕೊಂಡಿದ್ದನ್ನು ನಾವು ಕಂಡಿದ್ದೇವೆ. ಸಾಲ ತೀರದ ಮನೆ, ಮದುವೆಯಾಗದ ಮಗಳು, ಕೆಲಸ ಸಿಗದ ಮಗ - ಜಾಹೀರಾತಿನ ಕಥೆ ಎರಡೂ ಕಡೆ ಒಂದೇ. ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ, ಪವಾಡದ ಶಕ್ತಿಯಿದೆಯೆಂದು ಹೇಳಿ ಯಾವುದೇ ದೇವರ ಹೆಸರಿನ ವಸ್ತುವನ್ನು ಟಿ.ವಿ.ಯಲ್ಲಿ ಮಾರುವುದು ಕಾನೂನುಬಾಹಿರವೆಂದಿತು. ಅದು ಮಹಾರಾಷ್ಟ್ರದ 2013ರ ಕಾಯ್ದೆಯ ಆಧಾರದ ಮೇಲೆ ಬಂದ ತೀರ್ಪು. ಮೌಢ್ಯಾಚರಣೆಗಳ ವಿರುದ್ಧ ಕರ್ನಾಟಕ ಮಾಡಿದ 2017ರ ಕಾಯ್ದೆ ಜಾರಿಗೆ ಬಂದದ್ದು 2020ರಲ್ಲಿ. ಅದೇ ವರ್ಷ ಜಾರಿಯಾದ ಹೊಸ ಗ್ರಾಹಕ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವ ತಾರೆಯರಿಗೂ 10 ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದೆನ್ನುತ್ತದೆ. ಎಲ್ಲವೂ ಒಳ್ಳೆಯದೇ. ಆದರೆ ಇವೆಲ್ಲ ಬರುವ ಹೊತ್ತಿಗೆ ಅಂಗಡಿ ಬೇರೆಡೆಗೆ ನಡೆದಿತ್ತು.

ಹೇಗೆಂದರೆ, ಟಿ.ವಿ. ವ್ಯಾಪಾರ ನಿಂತಿದ್ದದ್ದು ಸರಕು ಬಂದಾಗ ಕೈಗೆ ಕೊಡುವ ನಗದಿನ ಮೇಲೆ. ಬಾಗಿಲಲ್ಲಿ ಬೇಡವೆಂದರೆ ಸಾಗಾಟದ ಖರ್ಚು ಕಂಪೆನಿಯ ತಲೆಗೆ. ಗಿರಾಕಿಗಳು ನಿಧಾನವಾಗಿ ಈ ಅಸ್ತ್ರವನ್ನು ಕಲಿತರು. ಅಷ್ಟರಲ್ಲಿ ನಮ್ಮ ಊರಿನ ಕೋರಮಂಗಲದಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಿಂದ ಅದೇ ನಗದು ಪದ್ಧತಿ ಹಿಡಿದಿತ್ತು. ಅಲ್ಲಿ ನಾಲ್ಕು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದಿತ್ತು, ಕೊಂಡವರು ಬೈದು ಬರೆದದ್ದನ್ನು ಓದಬಹುದಿತ್ತು. ಹೋಂಶಾಪ್18 2014ರಲ್ಲಿ ಅಮೆರಿಕದ ಷೇರು ಪೇಟೆಗೆ ಹೋಗಲು ಅರ್ಜಿ ಹಾಕಿ ಹಿಂತೆಗೆದುಕೊಂಡಿತು. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದವು. ಪಾರ್ಸಲ್ ಬಾಗಿಲಿಗೆ ಬಂದರೂ ಕೊಡಲು ನೋಟಿರಲಿಲ್ಲ. ಚಿತ್ರತಾರೆಯರನ್ನು ಮುಂದಿಟ್ಟುಕೊಂಡು 2015ರಲ್ಲಿ ಹೊರಟಿದ್ದ ಬೆಸ್ಟ್ ಡೀಲ್ ಟಿ.ವಿ. ಬಾಗಿಲು ಹಾಕಿತು. ಸ್ಟಾರ್ ಹೊರಹೋದ ಮೇಲೆ ಶಾಪ್ ಸಿ.ಜೆ. ಎನಿಸಿಕೊಂಡಿದ್ದ ಚಾನೆಲ್ ಮತ್ತು ಹೋಂಶಾಪ್18, ಒಂದು ಕಾಲದ ಎದುರಾಳಿಗಳು, 2018ರಲ್ಲಿ ಒಂದೇ ಸೂರಿನಡಿ ಬಂದವು.

ಖಾಲಾ ಈಗಿಲ್ಲ. ಅವರ ಸೊಸೆ ಕೆ.ಆರ್. ಪುರಂ ಕಡೆ ಬಾಡಿಗೆ ಮನೆಯಲ್ಲಿದ್ದಾಳೆ. ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿದ ಮೀಶೊ, ಮನೆಯಲ್ಲಿರುವ ಹೆಂಗಸರನ್ನೇ ವ್ಯಾಪಾರಿಗಳನ್ನಾಗಿ ಮಾಡಿಕೊಂಡ ದಿನಗಳಲ್ಲಿ ಅವಳೂ ಶುರುಮಾಡಿದಳು. ಸೀರೆ, ಚೂಡಿದಾರದ ಚಿತ್ರಗಳನ್ನು ವಾಟ್ಸಾಪಿನಲ್ಲಿ ನೆಂಟರಿಗೆ, ಓಣಿಯವರಿಗೆ ಕಳಿಸುವುದು, ಬೆಲೆಯ ಮೇಲೆ ನೂರೋ ನೂರೈವತ್ತೋ ಇಟ್ಟುಕೊಳ್ಳುವುದು. ಬಟ್ಟೆ ಸರಿಯಿಲ್ಲದಿದ್ದರೆ ಬೈಗುಳವೂ ಅವಳಿಗೇ. ಗಂಟಿನವನ ಕೆಲಸ ಪರದೆಯ ಈಚೆಗೆ ಬಂದಿತ್ತು. ಎರಡು ರಂಜಾನ್ ಚೆನ್ನಾಗಿ ನಡೆಯಿತು. 2021ರ ಸುಮಾರಿಗೆ ಕಂಪೆನಿಯ ಒಲವು ನೇರವಾಗಿ ಗಿರಾಕಿಗೇ ಮಾರುವ ಕಡೆ ತಿರುಗಿತು. ಅವಳ ನೆಂಟರೆಲ್ಲ ಅದೇ ಆ್ಯಪನ್ನು ತಮ್ಮ ಫೋನಿಗೆ ಹಾಕಿಕೊಂಡು ಮೂಲ ಬೆಲೆಯನ್ನು ತಾವೇ ನೋಡತೊಡಗಿದರು. ಈಗ ಅವಳು ಶಿವಾಜಿನಗರದಿಂದ ಥಾನು ಕೊಂಡು ತಂದು, ಸಂಜೆ ಫೋನನ್ನು ಗೋಡೆಗೆ ಒರಗಿಸಿಟ್ಟು, ವಿಡಿಯೊದಲ್ಲಿ ಒಂದೊಂದನ್ನೇ ಹರಡಿ ತೋರಿಸುತ್ತಾಳೆ. ಮೊನ್ನೆ ನಾವು ಹೋಗಿದ್ದಾಗ ಆ ಕಡೆಯಿಂದ ಒಬ್ಬಾಕೆ, "ಸ್ವಲ್ಪ ಹಿಂಡಿ ತೋರಿಸು ಬಾಜಿ, ಬಣ್ಣ ಬಿಡುತ್ತೋ ನೋಡೋಣ" ಎಂದಳು. ಇವಳು ಒಳಗೆ ಹೋಗಿ ಒಂದು ಬಟ್ಟಲು ನೀರು ತಂದಳು.