ಸೀಸದ ಪೆಟ್ಟಿಗೆಯಿಂದ ಲಿಥಿಯಂ ಕಟ್ಟಿನವರೆಗೆ: ಗಡಿಸೀಮೆಯ ಬ್ಯಾಟರಿ ಕಸುಬಿನ ಹಾದಿ

ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯು ಬಾಗೇಪಲ್ಲಿಯನ್ನು ದಾಟಿ ಆಂಧ್ರಪ್ರದೇಶವನ್ನು ಪ್ರವೇಶಿಸುವ ಎಡೆಯಲ್ಲಿ ಕೊಡಿಕೊಂಡವಿದೆ. ಚಿಲಮತ್ತೂರು ಮಂಡಲಕ್ಕೆ ಸೇರಿದ ಈ ಊರಿನ ಬಳಿ ಹೆದ್ದಾರಿಯಿಂದ ಪಶ್ಚಿಮಕ್ಕೆ ಕವಲೊಡೆಯುವ ರಸ್ತೆಯು ಲೇಪಾಕ್ಷಿಯ ಮೂಲಕ ಹಿಂದೂಪುರವನ್ನು ಸೇರುತ್ತದೆ. ಅಲ್ಲಿಂದ ಮುಂದಕ್ಕೆ ಕನ್ನಡ ಮಾತು ದಟ್ಟವಾಗಿರುವ ಮಡಕಶಿರಾ, ರೊಳ್ಳ ಮತ್ತು ಅಮರಾಪುರದ ಸೀಮೆಯೂ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯೂ, ಉತ್ತರಕ್ಕೆ ಕಲ್ಯಾಣದುರ್ಗವೂ ಬರುತ್ತವೆ. ಈ ನೆಲದ ಆಡಳಿತದ ಗೆರೆಗಳು ಹಲವು ಬಾರಿ ಬದಲಾಗಿವೆ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆ ರೂಪುಗೊಂಡಿತು. 1953ರಲ್ಲಿ ಮದ್ರಾಸ್ ರಾಜ್ಯ ಒಡೆದಾಗ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿ ಅನಂತಪುರ ಆಂಧ್ರದಲ್ಲಿ ಉಳಿಯಿತು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗವು ಅನಂತಪುರದಲ್ಲೇ ಉಳಿಯಿತು. ಗೆರೆಗಳು ಹೀಗೆ ಸರಿದಾಡಿದರೂ ಯಂತ್ರ, ಬಿಡಿಭಾಗ ಮತ್ತು ಅವುಗಳ ರಿಪೇರಿಯ ತಿಳಿವಳಿಕೆ ಮಾತ್ರ ಬೆಂಗಳೂರಿನ ಹೆದ್ದಾರಿಯನ್ನೇ ನೆಚ್ಚಿಕೊಂಡು ಬಂದವು. ವಿದ್ಯುತ್ ಬೈಕುಗಳಿಗೆ ಲಿಥಿಯಂ ಕೋಶಗಳನ್ನು ಜೋಡಿಸಿ ಬ್ಯಾಟರಿ ಕಟ್ಟುವ ಇಂದಿನ ಕೆಲಸವು ಈ ಹಾದಿಯಲ್ಲಿ ಹರಿದುಬಂದ ಹಳೆಯ ಕಸುಬೊಂದರ ಮುಂದುವರಿಕೆಯಾಗಿದ್ದು, ಅದನ್ನು ಆ ಇತಿಹಾಸದೊಡನೆ ಇಟ್ಟು ನೋಡಿದಾಗಲೇ ಅದರ ಬಲವೂ ಅಪಾಯವೂ ಸರಿಯಾಗಿ ತಿಳಿಯುತ್ತವೆ.

ಮೊದಲಿಗೆ ಹೆಸರಿನ ವಿಚಾರವನ್ನು ನೋಡಬೇಕು. ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲ ‘ಬ್ಯಾಟರಿ’ ಎಂದರೆ ಕತ್ತಲಲ್ಲಿ ಹೊಲಕ್ಕೆ ನೀರು ಕಟ್ಟಲು ಹೋಗುವವರ ಕೈಯಲ್ಲಿರುತ್ತಿದ್ದ ಟಾರ್ಚು. ಅದರೊಳಗೆ ಹಾಕುವ ಶುಷ್ಕಕೋಶಕ್ಕೆ ‘ಸೆಲ್ಲು’ ಅಥವಾ ‘ಶೆಲ್ಲು’ ಎಂಬ ಹೆಸರಿತ್ತು. ವಿಜ್ಞಾನದ ಪರಿಭಾಷೆಯಲ್ಲಿ ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ತನ್ನು ಕೊಡುವ ಒಂದು ಘಟಕಕ್ಕೆ ವಿದ್ಯುತ್ಕೋಶವೆಂದೂ, ಅಂಥ ಹಲವು ಕೋಶಗಳನ್ನು ಒಂದಕ್ಕೊಂದು ಹೊಂದಿಸಿದ ಕಟ್ಟಿಗೆ ಬ್ಯಾಟರಿಯೆಂದೂ ಹೆಸರು. ಎರಡು ಮೂರು ಸೆಲ್ಲುಗಳನ್ನು ಸಾಲಾಗಿ ತುಂಬಿದ ಟಾರ್ಚನ್ನು ಬ್ಯಾಟರಿಯೆಂದು ಕರೆದ ಹಳ್ಳಿಯ ಮಾತು ಆ ಅರ್ಥದಿಂದ ದೂರವೇನೂ ಹೋಗಿರಲಿಲ್ಲ. ಬಿಡಿ ಕೋಶಗಳನ್ನು ಕೂಡಿಸುವುದೇ ಬ್ಯಾಟರಿಯ ತಿರುಳು. ಆ ಕೂಡಿಸುವಿಕೆ ಕಾರ್ಖಾನೆಯ ಗೋಡೆಯೊಳಗೆ ನಡೆಯಬೇಕೋ ಊರಿನ ಅಂಗಡಿಯಲ್ಲೂ ನಡೆಯಬಹುದೋ ಎಂಬುದು ಈ ಕಸುಬಿನ ಇತಿಹಾಸದುದ್ದಕ್ಕೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ.

ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಮೊದಲ ಬ್ಯಾಟರಿಯನ್ನು, ಸೀಸದ ಹಲಗೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಫ್ರಾನ್ಸಿನ ಗಾಸ್ತೋಂ ಪ್ಲಾಂತೆ 1859ರಲ್ಲಿ ರೂಪಿಸಿದನು. ಭಾರತದಲ್ಲಿ ಅದರ ತಯಾರಿಕೆಯು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಂಗಾಳದ ಶ್ಯಾಮನಗರದಲ್ಲಿ ನೆಲೆಗೊಂಡಿತು. ಇಂದಿನ ಎಕ್ಸೈಡ್ ಸಂಸ್ಥೆಯ ಮೂಲ ಅಲ್ಲಿದೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ 1905ರಲ್ಲೇ ಬೆಳಗಿದ್ದರೂ ಸುತ್ತಲಿನ ಹಳ್ಳಿಗಳಿಗೆ ತಂತಿ ತಲುಪಲು ದಶಕಗಳೇ ಹಿಡಿದವು. ಆ ನಡುವಿನ ಕಾಲದಲ್ಲಿ ವಿದ್ಯುತ್ತು ಹಳ್ಳಿಗೆ ಬಂದದ್ದು ಹೊತ್ತು ತರುವ ಸರಕಾಗಿ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಕಾಲದ ವಾಲ್ವ್ ರೇಡಿಯೋಗಳು ತಂತಿಯಿಲ್ಲದ ಊರಿನಲ್ಲಿ ಹಾಡಬೇಕಾದರೆ ಬ್ಯಾಟರಿ ಬೇಕಿತ್ತು. ಅದು ಇಳಿದಾಗ ಅದನ್ನು ವಿದ್ಯುತ್ತಿದ್ದ ಪಟ್ಟಣಕ್ಕೆ ಒಯ್ದು ಚಾರ್ಜಿಗೆ ಇಟ್ಟು, ಮರಳಿ ತರಬೇಕಾಗುತ್ತಿತ್ತು. ರೇಡಿಯೋದ ಜೊತೆಗೆ ಲಾರಿಯೂ ಬಸ್ಸೂ ಬಂದವು; ಹೀಗೆ ಹೆದ್ದಾರಿಯ ಬದಿಯ ಊರುಗಳಲ್ಲಿ ಪಂಕ್ಚರ್ ಅಂಗಡಿಯ ಮಗ್ಗುಲಿಗೇ ಬ್ಯಾಟರಿ ಅಂಗಡಿಯೂ ನೆಲೆಯಾಯಿತು.

ಹಳೆಯ ಬ್ಯಾಟರಿ ಅಂಗಡಿಯ ಕೆಲಸವು ಬಿಚ್ಚಿ ಕಟ್ಟುವ ಕೆಲಸವಾಗಿತ್ತು. ಗಟ್ಟಿ ರಬ್ಬರಿನ ಕರಿಯ ಪೆಟ್ಟಿಗೆಯಲ್ಲಿ ಆರು ಕೋಣೆಗಳಿದ್ದು, ಒಂದೊಂದು ಕೋಣೆಯೂ 2 ವೋಲ್ಟಿನ ಒಂದು ಕೋಶವಾಗಿ, ಆರೂ ಸೇರಿ 12 ವೋಲ್ಟು ಕೊಡುತ್ತಿದ್ದವು. ಕೋಣೆಗಳ ಬಾಯಿಯನ್ನು ಡಾಂಬರಿನಂಥ ಕರಿಯ ಅಂಟಿನಿಂದ ಮುಚ್ಚಿರುತ್ತಿದ್ದುದರಿಂದ, ಅದನ್ನು ಬಿಸಿಮಾಡಿ ಕೆರೆದು, ಮೇಲಿನ ಸೀಸದ ಪಟ್ಟಿಯನ್ನು ಕತ್ತರಿಸಿ, ಕೆಟ್ಟ ಕೋಣೆಯ ಪ್ಲೇಟುಗಳನ್ನಷ್ಟೇ ಮೇಲಕ್ಕೆತ್ತಿ, ಹೊಸ ಪ್ಲೇಟುಗಳನ್ನು ಕೂರಿಸಿ, ಸೀಸವನ್ನು ಕರಗಿಸಿ ಬೆಸೆದು, ಆಸಿಡ್ ತುಂಬಿ, ರಾತ್ರಿಯಿಡೀ ಚಾರ್ಜಿಗೆ ಹಾಕುವುದು ಸಾಧ್ಯವಿತ್ತು. ಒಂದು ಕೋಶ ಸತ್ತರೆ ಉಳಿದ ಐದನ್ನು ಎಸೆಯಬೇಕಾಗಿರಲಿಲ್ಲ. ಈ ಕೆಲಸಕ್ಕೆ ಕೊಡಬೇಕಾಗಿದ್ದ ಬೆಲೆಯೂ ದೊಡ್ಡದೇ: ಸೀಸದ ಹೊಗೆ ಮತ್ತು ಧೂಳು ಕಸುಬಿನವರ ಮೈಗೆ ಸೇರಿದರೆ, ಆಸಿಡ್ಡು ಬಟ್ಟೆಯನ್ನೂ ಬೆರಳನ್ನೂ ಸುಡುತ್ತಿತ್ತು.

ಆ ಅಂಗಡಿಯ ಅತಿ ಮುಖ್ಯ ಸಾಧನವೆಂದರೆ ಹೈಡ್ರೋಮೀಟರು. ಗಾಜಿನ ಕೊಳವೆಯೊಳಗೆ ತೇಲುವ ಬುರುಡೆಯಿರುವ ಈ ಸಾಧನವನ್ನು ಒಂದೊಂದು ಕೋಣೆಯ ಬಾಯಿಗೂ ಇಟ್ಟು ಆಸಿಡ್ಡನ್ನು ಮೇಲೆ ಎಳೆದರೆ, ನೀರಿಗಿಂತ ಆ ದ್ರವ ಎಷ್ಟು ಪಾಲು ಭಾರವಾಗಿದೆಯೆಂಬುದು ಬುರುಡೆಯ ಗೆರೆಯಲ್ಲಿ ಕಾಣುತ್ತಿತ್ತು. ಇದನ್ನೇ ‘ಗ್ರಾವಿಟಿ ನೋಡುವುದು’ ಎನ್ನುತ್ತಿದ್ದರು. ಉಷ್ಣ ಸೀಮೆಯ ಬ್ಯಾಟರಿಯಲ್ಲಿ ಸುಮಾರು 1.25 ಕಂಡರೆ ತುಂಬು ಚಾರ್ಜು, 1.15ರ ಹತ್ತಿರಕ್ಕೆ ಇಳಿದಿದ್ದರೆ ಬರಿದು, ಐದು ಕೋಣೆ ಸಮನಾಗಿದ್ದು ಒಂದು ಮಾತ್ರ ಇಳಿದಿದ್ದರೆ ಆ ಕೋಣೆಗೇ ರೋಗ. ಪ್ರತಿ ಕೋಶವನ್ನೂ ಬೇರೆಬೇರೆಯಾಗಿ ಅಳೆದು, ಉಳಿದವುಗಳೊಡನೆ ಹೋಲಿಸಿ ನೋಡುವ ಈ ಅಭ್ಯಾಸವೇ ಹಳೆಯ ಕಸುಬು ಬಿಟ್ಟುಹೋದ ನಿಜವಾದ ಆಸ್ತಿ.

ಆ ಆಸ್ತಿ ನಡುವೆ ಕೆಲಕಾಲ ಕೈಬಿಟ್ಟುಹೋಗುವಂತಾಯಿತು. ಬಿಗಿಯಾಗಿ ಬೆಸೆದ ಪ್ಲಾಸ್ಟಿಕ್ ಪೆಟ್ಟಿಗೆಯ, ನೀರು ಹಾಕುವ ಅಗತ್ಯವಿಲ್ಲದ ಬ್ಯಾಟರಿಗಳು ಬಂದಂತೆ, ಬಿಚ್ಚುವ ದಾರಿಯೇ ಮುಚ್ಚಿತು. ರಾಯಲಸೀಮೆಯಲ್ಲೇ, ತಿರುಪತಿಯ ಬಳಿ, 1985ರಲ್ಲಿ ಸ್ಥಾಪನೆಯಾದ ಅಮರ ರಾಜ ಸಂಸ್ಥೆಯು ಇಂಥ ಮುಚ್ಚಿದ ಬ್ಯಾಟರಿಗಳನ್ನು ದೇಶದಲ್ಲಿ ಹಬ್ಬಿಸಿದ ತಯಾರಕರಲ್ಲಿ ಪ್ರಮುಖವಾದುದು. ವಿದ್ಯುತ್ ಕಡಿತದ ವರ್ಷಗಳಲ್ಲಿ ಮನೆಮನೆಗೆ ಇನ್ವರ್ಟರ್ ಬಂದಾಗ ಅಂಗಡಿಗಳಿಗೆ ವ್ಯಾಪಾರ ಹೆಚ್ಚಿತಾದರೂ ಕೆಲಸದ ಸ್ವರೂಪ ಬದಲಾಯಿತು: ಹಳೆಯದನ್ನು ತೂಕಕ್ಕೆ ಕೊಂಡು ಹೊಸದನ್ನು ಮಾರುವುದು, ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬುವುದು, ಗ್ಯಾರಂಟಿ ಕಾರ್ಡಿಗೆ ಸೀಲು ಒತ್ತುವುದು. ಕಸುಬುದಾರರು ಮಾರಾಟಗಾರರಾದರು.

ವಿದ್ಯುತ್ ವಾಹನಗಳು ಬಂದದ್ದು ಈ ಹಂತದಲ್ಲಿ. ಬೆಂಗಳೂರಿನ ರೇವಾ ಸಂಸ್ಥೆ 2001ರಲ್ಲಿ ಮಾರುಕಟ್ಟೆಗೆ ತಂದ ಪುಟ್ಟ ಕಾರು ಸೀಸದ ಬ್ಯಾಟರಿಗಳಿಂದ, 48 ವೋಲ್ಟಿನಲ್ಲಿ ಓಡುತ್ತಿತ್ತು. ಅದರ ಹಿಂದೆ ಬಂದ ಅಗ್ಗದ ವಿದ್ಯುತ್ ಸ್ಕೂಟರುಗಳಲ್ಲೂ 12 ವೋಲ್ಟಿನ ನಾಲ್ಕು ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟು ಪಡೆಯುವುದೇ ರೂಢಿಯಾಗಿತ್ತು. 20 ಆಂಪಿಯರ್-ಗಂಟೆ ಸಾಮರ್ಥ್ಯದ ಅಂಥ ನಾಲ್ಕು ಪೆಟ್ಟಿಗೆಗಳು ಸೇರಿ 25 ಕಿಲೋಗ್ರಾಮಿನ ಆಸುಪಾಸು ತೂಗುತ್ತಿದ್ದವು. ಪದೇಪದೇ ಪೂರ್ತಿ ಬರಿದಾಗುವ ಬಳಕೆಯನ್ನು ಸೀಸ ತಾಳದ ಕಾರಣ ಕೆಲವೇ ವರ್ಷಗಳಲ್ಲಿ ಅವು ಸೋಲುತ್ತಿದ್ದವು. ಹೀಗೆ ಬ್ಯಾಟರಿ ಸತ್ತು, ಮೋಟಾರು ಮತ್ತು ಚೌಕಟ್ಟು ಗಟ್ಟಿಯಾಗಿಯೇ ಉಳಿದ ಗಾಡಿಗಳು ಹಿತ್ತಿಲು ಸೇರಿದವು. ಮನೆಯಲ್ಲಿ ಲಿಥಿಯಂ ಕಟ್ಟು ಕಟ್ಟುವ ಕೆಲಸಕ್ಕೆ ಮೊದಲ ಗಿರಾಕಿಗಳಾದದ್ದು ಇಂಥ ಗಾಡಿಗಳೇ. ಬೆಂಗಳೂರಿನ ಏಥರ್ ಸಂಸ್ಥೆಯನ್ನು 2013ರಲ್ಲಿ ಕಟ್ಟಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ ಅವರ ಮೊದಲ ಆಲೋಚನೆಯೂ ಇದ್ದ ಸ್ಕೂಟರುಗಳಿಗೆ ಒಳ್ಳೆಯ ಬ್ಯಾಟರಿ ಮಾಡಿಕೊಡುವುದೇ ಆಗಿತ್ತು. ಸ್ಕೂಟರು ಆಮೇಲೆ ಬಂತು.

ಲಿಥಿಯಂ ಅಯಾನ್ ಕೋಶದ ಹಿಂದೆ ದಶಕಗಳ ಸಂಶೋಧನೆಯಿದೆ. 1970ರ ದಶಕದಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ದಾರಿ ತೆರೆದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡಿನ ಧನಧ್ರುವವನ್ನು ತೋರಿಸಿದರು. 1985ರಲ್ಲಿ ಅಕಿರಾ ಯೊಶಿನೊ ಬಳಕೆಗೆ ಒದಗುವ ಕೋಶವನ್ನು ರಚಿಸಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕೋಬಾಲ್ಟ್ ಇಲ್ಲದ, ಬಿಸಿಯನ್ನು ಹೆಚ್ಚು ತಾಳುವ ಲಿಥಿಯಂ ಕಬ್ಬಿಣದ ಫಾಸ್ಫೇಟ್ ಎಂಬ ಇನ್ನೊಂದು ಬಗೆಯನ್ನು 1997ರಲ್ಲಿ ಗುಡ್‌ಇನಫ್ ಅವರ ಬಳಗದಲ್ಲಿದ್ದ ಭಾರತೀಯ ಸಂಶೋಧಕ ಅಕ್ಷಯ ಪಾಢಿ ಮತ್ತು ಸಂಗಡಿಗರು ವರದಿಮಾಡಿದರು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಅನಂತಪುರದಂಥ ಸೀಮೆಗೆ ಈ ಎರಡನೆಯ ಬಗೆಯೇ ಹೆಚ್ಚು ಒಗ್ಗುತ್ತದೆ.

ಅಂಗಡಿಯ ಮೇಜಿಗೆ ಬಂದ ಲಿಥಿಯಂ ಕೋಶದ ಚಿರಪರಿಚಿತ ಅಳತೆಗೆ ‘18650’ ಎಂದು ಹೆಸರು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಎತ್ತರ, ಸುಮಾರು 45 ಗ್ರಾಂ ತೂಕ. ಲ್ಯಾಪ್‌ಟಾಪುಗಳ ಹಳೆಯ ಬ್ಯಾಟರಿಗಳನ್ನು ಒಡೆದಾಗ ಸಿಗುತ್ತಿದ್ದ ಈ ಕೋಶಗಳು ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹೊಸದಾಗಿಯೂ ದೊರೆಯುತ್ತವೆ. 2.5 ಆಂಪಿಯರ್-ಗಂಟೆಯ ಎಂಟು ಕೋಶಗಳನ್ನು ಪಕ್ಕಪಕ್ಕದಲ್ಲಿ ಸೇರಿಸಿ ಒಂದು ಗುಂಪು ಮಾಡಿ, ಅಂಥ 13 ಗುಂಪುಗಳನ್ನು ಸಾಲಾಗಿ ಜೋಡಿಸಿದರೆ 104 ಕೋಶಗಳ 48 ವೋಲ್ಟಿನ ಕಟ್ಟು ಆಗುತ್ತದೆ. ಸೀಸದ ನಾಲ್ಕು ಪೆಟ್ಟಿಗೆಗಳು ಕೊಡುತ್ತಿದ್ದಷ್ಟೇ ಶಕ್ತಿ ಇಲ್ಲಿ 5 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಕೋಶಗಳಲ್ಲಿ ಅಡಗುತ್ತದೆ. ಗುಂಪಿನ ಸಾಮರ್ಥ್ಯವನ್ನು ಹೆಚ್ಚಿಸುವ ಪಕ್ಕದ ಜೋಡಣೆಯನ್ನು ‘ಪ್ಯಾರಲಲ್’ ಎಂದೂ, ವೋಲ್ಟನ್ನು ಹೆಚ್ಚಿಸುವ ಸಾಲು ಜೋಡಣೆಯನ್ನು ‘ಸೀರೀಸ್’ ಎಂದೂ ಕಸುಬಿನವರು ಕರೆಯುತ್ತಾರೆ.

ಕಟ್ಟುವ ಕೆಲಸದ ಬಹುಪಾಲು ಅಳೆಯುವ ಕೆಲಸವೇ. ಪ್ರತಿ ಕೋಶದ ವೋಲ್ಟನ್ನು ನೋಡಿ, ತುಂಬಿಸಿ ಬರಿದುಮಾಡಿ ಅದರ ನಿಜವಾದ ಸಾಮರ್ಥ್ಯವನ್ನು ಬರೆದಿಟ್ಟುಕೊಂಡು, ಒಳತಡೆಯನ್ನು, ಅಂದರೆ ಕೋಶವು ತನ್ನೊಳಗೇ ವಿದ್ಯುತ್ತಿಗೆ ಒಡ್ಡುವ ಅಡ್ಡಿಯನ್ನು, ಮಿಲಿಓಮಿನಲ್ಲಿ ಅಳೆದು, ಕೆಲವು ದಿನ ಸುಮ್ಮನೆ ಇಟ್ಟಾಗ ವೋಲ್ಟು ತಾನಾಗಿ ಇಳಿಯುವ ಕೋಶಗಳನ್ನು ಹೊರಗಿಟ್ಟ ಮೇಲೆ ಉಳಿದವುಗಳನ್ನು ಸಮನಾದ ಗುಂಪುಗಳಾಗಿ ಹಂಚಬೇಕು. ಸೀಸದ ಕಾಲದ ಕಾವಿಗೆ ಇಲ್ಲಿ ಜಾಗವಿಲ್ಲ. ಬೆಸುಗೆಯ ಬಿಸಿ ಕೋಶದ ಒಳಪದರವನ್ನು ಕೆಡಿಸುವುದರಿಂದ, ತೆಳುವಾದ ನಿಕ್ಕಲ್ ಪಟ್ಟಿಯನ್ನು ಕ್ಷಣಮಾತ್ರದ ವಿದ್ಯುತ್ ಹೊಡೆತದಿಂದ ಅಂಟಿಸುವ ‘ಸ್ಪಾಟ್ ವೆಲ್ಡಿಂಗ್’ ಬೇಕು. ಕೊನೆಗೆ, ಗುಂಪು ಗುಂಪಿನ ವೋಲ್ಟನ್ನು ಕಾಯುತ್ತ ಅತಿ ತುಂಬುವಿಕೆ, ಅತಿ ಬರಿದಾಗುವಿಕೆ ಮತ್ತು ಅತಿ ಕರೆಂಟನ್ನು ಕಡಿಯುವ ‘ಬಿಎಂಎಸ್’ ಎಂಬ ಫಲಕವನ್ನು ಕೂಡಿಸಬೇಕು. ಹಳೆಯ ಅಂಗಡಿಯಲ್ಲಿ ಹೈಡ್ರೋಮೀಟರು ಹಿಡಿದ ಕೈ ಮಾಡುತ್ತಿದ್ದ ಕಾವಲನ್ನು ಈಗ ಈ ಫಲಕ ಎಡೆಬಿಡದೆ ಮಾಡುತ್ತದೆ.

ಚಾರ್ಜಿನ ವಿಚಾರದಲ್ಲಿ ಹಳೆಯ ಅಭ್ಯಾಸವು ನೇರವಾಗಿ ಅಪಾಯವಾಗುತ್ತದೆ. 13 ಗುಂಪಿನ ಕಟ್ಟಿಗೆ, ಗುಂಪಿಗೆ 4.2 ವೋಲ್ಟಿನಂತೆ, 54.6 ವೋಲ್ಟೇ ಮೇಲ್ಮಿತಿ. ಅದರ ಚಾರ್ಜರು ಮೊದಲು ಒಂದೇ ಸಮನಾದ ಕರೆಂಟನ್ನು ಹರಿಸಿ, ಆ ಮಿತಿ ಮುಟ್ಟಿದ ಮೇಲೆ ವೋಲ್ಟನ್ನು ಸ್ಥಿರವಾಗಿಟ್ಟು ಕರೆಂಟು ತಾನಾಗಿ ತಗ್ಗಲು ಬಿಡುತ್ತದೆ. ಸೀಸದ 48 ವೋಲ್ಟಿನ ಚಾರ್ಜರಾದರೋ 58 ವೋಲ್ಟನ್ನೂ ದಾಟಬಲ್ಲದು. ಫಾಸ್ಫೇಟ್ ಬಗೆಯ 16 ಗುಂಪುಗಳ ಚಾರ್ಜರಿನದು 58.4 ವೋಲ್ಟು. ಮೂರಕ್ಕೂ ‘48 ವೋಲ್ಟು’ ಎಂಬ ಒಂದೇ ಹೆಸರು ಅಂಟಿಕೊಂಡಿರುವುದರಿಂದ, ಪಿನ್ನು ಹೊಂದಿತೆಂದು ಮನೆಯಲ್ಲಿದ್ದ ಹಳೆಯ ಚಾರ್ಜರನ್ನು ಹೊಸ ಕಟ್ಟಿಗೆ ಚುಚ್ಚಿದರೆ ಗುಂಪಿಗೆ ಸುಮಾರು 4.5 ವೋಲ್ಟು ಬೀಳುತ್ತದೆ. ಆಗ ಕೋಶವು ಒಳಗಿಂದಲೇ ಬಿಸಿಯೇರಿ, ಆ ಬಿಸಿಯೇ ಇನ್ನಷ್ಟು ಬಿಸಿಯನ್ನು ಹುಟ್ಟಿಸಿ, ಪಕ್ಕದ ಕೋಶಕ್ಕೆ ಹಬ್ಬಿ ಬೆಂಕಿಯಾಗುವುದನ್ನು ತಡೆಯಲು ಬಿಎಂಎಸ್ ಒಂದೇ ಉಳಿದಿರುತ್ತದೆ. ಸೀಸ ಕೆಡುವ ಮುನ್ನ ಗುಳ್ಳೆ ಬಿಟ್ಟು, ವಾಸನೆ ಬೀರಿ ಎಚ್ಚರಿಸುತ್ತಿತ್ತು. ಲಿಥಿಯಂ ಬಹುಮಟ್ಟಿಗೆ ಕಣ್ಣಿಗೆ ಕಾಣದಂತೆ ಕೆಡುತ್ತದೆ.

ಈ ಅಪಾಯವು ಕೈಕಟ್ಟಿನ ಬ್ಯಾಟರಿಗಳಿಗಷ್ಟೇ ಸೀಮಿತವಲ್ಲವೆಂಬುದನ್ನು 2022ರ ಬೇಸಿಗೆ ತೋರಿಸಿತು. ಕಾರ್ಖಾನೆಗಳಲ್ಲಿ ತಯಾರಾದ ಸ್ಕೂಟರುಗಳೂ ದೇಶದ ಹಲವೆಡೆ ಹೊತ್ತಿ ಉರಿದು, ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ತಂದೆ ಮಗಳಿಬ್ಬರು ಪ್ರಾಣ ಕಳೆದುಕೊಂಡರು. ಆ ವರ್ಷವೇ ಕೇಂದ್ರ ಸರ್ಕಾರವು ದ್ವಿಚಕ್ರ ವಾಹನಗಳ ಬ್ಯಾಟರಿಗೆ ಸಂಬಂಧಿಸಿದ ಎಐಎಸ್-156 ಎಂಬ ಮಾನದಂಡವನ್ನು ತಿದ್ದಿ ಬಿಗಿಗೊಳಿಸಿತು. ಒಂದು ಕೋಶದ ಬೆಂಕಿ ಇಡೀ ಕಟ್ಟಿಗೆ ಹಬ್ಬದಂತೆ ತಡೆಯುವುದು ಮತ್ತು ಅಪಾಯದ ಮುನ್ಸೂಚನೆ ಕೊಡುವುದು ತಯಾರಕರ ಹೊಣೆಯಾದವು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಲಿಥಿಯಂ ಬ್ಯಾಟರಿಗಳನ್ನೂ ಒಳಗೊಂಡವು. ಈ ಬಗೆಯ ಪರೀಕ್ಷೆಗಳ ವೆಚ್ಚವನ್ನು ಊರಿನ ಅಂಗಡಿ ಭರಿಸಲಾರದು. ಹಾಗಾಗಿ ಕೈಕಟ್ಟಿನ ಕೆಲಸವು ಕಾನೂನಿನ ಕಣ್ಣಿಗೆ ಬೀಳದೆ ಅಂಚಿನಲ್ಲಿ ನಡೆಯುತ್ತದೆ, ಕಲಿಸುವವರಿಲ್ಲದೆ ಬೆಳೆಯುತ್ತದೆ.

ಇತಿಹಾಸ ಹೇಳುವ ತೀರ್ಪು ಇಷ್ಟು: ಬಿಚ್ಚಿ ಕಟ್ಟುವ ಕಸುಬು ಬಡವರ ಗಾಡಿಯನ್ನು ಓಡಿಸುತ್ತ ಬಂದಿದೆ, ಅದನ್ನು ಅಳಿಸಲು ಮುಚ್ಚಿದ ಪೆಟ್ಟಿಗೆಯಿಂದ ಆಗಲಿಲ್ಲ, ನಿಷೇಧದಿಂದಲೂ ಆಗದು. ವಿದ್ಯುತ್ ವಾಹನಗಳಿಗೆಂದು 2017ರಲ್ಲಿ ದೇಶದಲ್ಲೇ ಮೊದಲು ನೀತಿ ರೂಪಿಸಿದ ಕರ್ನಾಟಕವೂ ನೆರೆಯ ಆಂಧ್ರಪ್ರದೇಶವೂ ತಮ್ಮ ಐಟಿಐಗಳಲ್ಲಿ ಈ ಕೆಲಸವನ್ನು ಕನ್ನಡ ತೆಲುಗುಗಳಲ್ಲೇ ಕಲಿಸಬೇಕು. ಹಿಂದೂಪುರ, ಕಲ್ಯಾಣದುರ್ಗದಂಥ ಪಟ್ಟಣಗಳಲ್ಲಿ ಕಡಿಮೆ ವೆಚ್ಚಕ್ಕೆ ಕಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿಕೊಡುವ ಕೇಂದ್ರಗಳಿರಬೇಕು. ಸೀಸಕ್ಕೆ ಇರುವಂತೆ ಹಳೆಯ ಲಿಥಿಯಂ ಕೋಶಕ್ಕೂ ಕೊಳ್ಳುವವರಿರಬೇಕು. ಅಲ್ಲಿಯವರೆಗೂ ಹಳೆಯ ಅಂಗಡಿಯ ನಿಯಮವೇ ಕಸುಬುದಾರನನ್ನೂ ಗಿರಾಕಿಯನ್ನೂ ಕಾಯಬೇಕು: ಅಳೆಯದ ಕೋಶವನ್ನು ಕಟ್ಟಬಾರದು, ಹೊಂದದ ಚಾರ್ಜರನ್ನು ಚುಚ್ಚಬಾರದು, ಜನ ಮಲಗುವ ಮನೆಯೊಳಗೆ ರಾತ್ರಿ ಚಾರ್ಜಿಗೆ ಇಡಬಾರದು.